ಗ್ರೀನ್ ಎಂದರೆ ಬರೀ ಹಸಿರಲ್ಲ

ಕೊಯ್ಲಿನ ಹೊತ್ತಿಗೆ ಶಿರಸಿ ತಾಲ್ಲೂಕಿನ ಇಸಳೂರಿನ ಕಡೆ ಯಾವ ಬೆಳೆಗಾರರ ಮನೆಯಂಗಳಕ್ಕೆ ಹೋದರೂ ‘ಹಸಿ ಅಡಿಕೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ರಾಶಿಯಲ್ಲಿ ಕೆಲವು ಗೊನೆ ಹಸಿರು, ಕೆಲವು ಹಳದಿ, ಪೂರ್ತಿ ಹಣ್ಣಾದದ್ದು ಕೇಸರಿ. ಬೇಯಿಸುವ ತನಕ, ಒಣಗಿಸುವ ತನಕ ಎಲ್ಲವೂ ಹಸಿ ಅಡಿಕೆಯೇ. ಕೇಸರಿ ಬಣ್ಣದ ಹಣ್ಣಡಿಕೆಯನ್ನು ಹಸಿ ಎನ್ನಲು ಯಾರೂ ತಡವರಿಸುವುದಿಲ್ಲ. ಇಂಗ್ಲಿಷಿನ ‘ಗ್ರೀನ್’ ಎಂಬ ವಿಶೇಷಣ ಮಾಡುವ ಅರ್ಧ ಕೆಲಸ ಇದೇ. ಆದರೆ ಶಾಲೆಯಲ್ಲಿ ‘ಗ್ರೀನ್ ಎಂದರೆ ಹಸಿರು’ ಎಂದು ಒಂದೇ ಅರ್ಥ ಕಲಿತು ಬಂದವರಿಗೆ ಆ ಅರ್ಧ ಕಾಣಿಸುವುದಿಲ್ಲ. ಅಡುಗೆಮನೆಯಿಂದ ತೋಟದ ಔಷಧಿ ಡಬ್ಬದವರೆಗೆ ಹಬ್ಬಿರುವ ಹಲವು ತಪ್ಪು ತಿಳಿವಳಿಕೆಗಳ ಬೇರು ಇಲ್ಲಿದೆ.

ಮೊದಲನೆಯ ತಪ್ಪು, ಗ್ರೀನ್ ಎಂಬುದು ಬರೀ ಬಣ್ಣದ ಹೆಸರು ಎಂಬುದು. ಈ ಪದ ‘ಬೆಳೆ’, ‘ಹುಲ್ಲು’ ಎಂಬರ್ಥದ ಗ್ರೋ, ಗ್ರಾಸ್ ಪದಗಳ ಒಡಹುಟ್ಟು. ಬೆಳೆಯುತ್ತಿರುವುದು, ಇನ್ನೂ ಬಲಿಯದ್ದು, ಒಣಗದ್ದು, ಹುರಿಯದ್ದು, ಪಳಗದ್ದು ಎಲ್ಲವೂ ಅದಕ್ಕೆ ಗ್ರೀನ್. ಕೆಲಸಕ್ಕೆ ಹೊಸಬನಾದ ಹುಡುಗನೂ ಗ್ರೀನೇ. ಕನ್ನಡದಲ್ಲಿಯೂ ಪಸಿ, ಪಸುರ್, ಪಸುಳೆ ಒಂದೇ ಬಳ್ಳಿಯ ಕಾಯಿಗಳು. ಅವೇ ಇಂದಿನ ಹಸಿ, ಹಸಿರು, ಹಸುಳೆ. ವ್ಯತ್ಯಾಸ ಇಷ್ಟೇ, ನಾವು ಬಣ್ಣಕ್ಕೊಂದು ಮಾತು, ಸ್ಥಿತಿಗೊಂದು ಮಾತು ಬೇರೆ ಮಾಡಿಕೊಂಡೆವು. ಹಸಿ ಕಟ್ಟಿಗೆ, ಹಸಿ ಗಾಯ, ಹಸಿ ಬಾಣಂತಿ ಎನ್ನುವಾಗ ಹಸಿರಿನ ಸುಳಿವೇ ಇಲ್ಲ. ಇಂಗ್ಲಿಷ್ ಎರಡನ್ನೂ ಒಂದೇ ಪದದಲ್ಲಿ ಇಟ್ಟುಕೊಂಡಿತು. ಆದ್ದರಿಂದ ಇಂಗ್ಲಿಷಿನ ಗ್ರೀನ್ ವುಡ್ ನಮಗೆ ಹಸಿರು ಮರವಲ್ಲ, ಒಲೆಯಲ್ಲಿ ಹೊಗೆ ಎಬ್ಬಿಸುವ ಹಸಿ ಕಟ್ಟಿಗೆ. ಗ್ರೀನ್ ಮ್ಯಾಂಗೋ ಹಸಿರು ಮಾವಲ್ಲ, ಮಾವಿನಕಾಯಿ. ಹಣ್ಣಾದ ಮೇಲೂ ಸಿಪ್ಪೆ ಹಸಿರಾಗಿಯೇ ಉಳಿಯುವ ತಳಿಗಳಿವೆಯಲ್ಲ, ಅವುಗಳ ಹಣ್ಣಿಗೆ ‘ಕಾಯಿ’ ಎಂಬ ಈ ಅರ್ಥ ಹೊಂದುವುದೇ ಇಲ್ಲ.

ಕಾಳುಮೆಣಸಿನ ಗೊಂದಲ ಇನ್ನೂ ದೊಡ್ಡದು. ಅಂಗಡಿಯಲ್ಲಿ ಕಪ್ಪು, ಬಿಳಿ, ಗ್ರೀನ್ ಎಂದು ಮೂರು ಪೊಟ್ಟಣ ಕಂಡ ಪೇಟೆಯವರು ಇವು ಮೂರು ಜಾತಿಯ ಗಿಡ ಎಂದುಕೊಳ್ಳುತ್ತಾರೆ. ಅಡಿಕೆ ಮರಕ್ಕೆ ಹಬ್ಬಿದ ಒಂದೇ ಬಳ್ಳಿಯಲ್ಲಿ ಮೂರೂ ಇವೆ. ಬಲಿತರೂ ಹಣ್ಣಾಗದ ಕರೆ, ಅಂದರೆ ಕಾಳಿನ ಗೊಂಚಲು, ಕೊಯ್ದು ಬಿಸಿಲಿಗೆ ಹರವಿದರೆ ಸಿಪ್ಪೆ ಸುಕ್ಕಾಗಿ ಕಪ್ಪಾಗುತ್ತದೆ. ಕೆಂಪಗೆ ಹಣ್ಣಾದದ್ದನ್ನು ವಾರದಷ್ಟು ನೀರಿನಲ್ಲಿ ನೆನೆಸಿ, ತಿಕ್ಕಿ, ಸಿಪ್ಪೆ ತೆಗೆದು ಒಣಗಿಸಿದರೆ ಬಿಳಿ ಮೆಣಸು. ಎಳೆಯದನ್ನು ಹಾಗೇ ಉಪ್ಪುನೀರಿಗೆ ಹಾಕಿದರೆ ಗ್ರೀನ್ ಪೆಪ್ಪರ್. ನಮ್ಮ ಮಾತಿನಲ್ಲಿ ಹಸಿ ಮೆಣಸಿನ ಕಾಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಬಳ್ಳಿಯಿಂದಾಗಿಯೇ. ಇನ್ನೊಂದು ಎಚ್ಚರ: ಅಮೆರಿಕದ ಅಡುಗೆ ಪುಸ್ತಕದಲ್ಲಿ ‘ಗ್ರೀನ್ ಪೆಪ್ಪರ್’ ಎಂದಿದ್ದರೆ ಅದು ಸಾಮಾನ್ಯವಾಗಿ ದೊಣ್ಣೆಮೆಣಸು.

ಹಾಗೆಂದು ಗ್ರೀನ್ ಎಂದಲ್ಲೆಲ್ಲ ‘ಹಸಿ’ ಎಂದು ತಿದ್ದಲೂ ಬರುವುದಿಲ್ಲ. ಗ್ರೀನ್ ಕಾಫಿ ಎಂದರೆ ಹುರಿಯದ ಬೀಜ, ಅಲ್ಲಿ ಹಸಿ ಸರಿ. ಆದರೆ ಏಲಕ್ಕಿ ಒಣಗಿಸಿದ ಮೇಲೂ ಗ್ರೀನ್; ಅಲ್ಲಿ ಬಣ್ಣವೇ ಮುಖ್ಯ, ಬಣ್ಣ ಮಾಸಿದರೆ ಬೆಲೆ ಇಳಿಯುತ್ತದೆ. ಗ್ರೀನ್ ಟೀಗೆ ಬೇರೆ ಗಿಡವೇನೂ ಇಲ್ಲ, ಮಾಮೂಲಿ ಚಹಾದ ಎಲೆಯೇ. ಕೊಯ್ದ ಕೂಡಲೇ ಬಿಸಿ ತಾಗಿಸಿ ಕಪ್ಪಾಗದಂತೆ ತಡೆದಿರುತ್ತಾರೆ. ಯಕ್ಷಗಾನದ ಚೌಕಿಗೆ ಇಂಗ್ಲಿಷಿನಲ್ಲಿ ಗ್ರೀನ್ ರೂಮ್ ಎನ್ನುತ್ತಾರೆ. ಅಲ್ಲಿ ಹಸಿರೂ ಇಲ್ಲ, ಹಸಿಯೂ ಇಲ್ಲ.

‘ಎವರ್‌ಗ್ರೀನ್’ ಕಾಡಿನ ಮರಗಳು ಎಲೆ ಉದುರಿಸುವುದೇ ಇಲ್ಲ ಎಂಬ ನಂಬಿಕೆಯೂ ಬಲವಾಗಿದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನೊಳಗೆ ಹೆಜ್ಜೆ ಇಟ್ಟರೆ ಕಾಲಡಿಯ ದರಗೇ ಉತ್ತರ ಹೇಳುತ್ತದೆ. ಅಲ್ಲಿಯ ಮರಗಳೂ ಎಲೆ ಉದುರಿಸುತ್ತವೆ. ಎಲ್ಲ ಮರಗಳೂ ಒಂದೇ ಕಾಲಕ್ಕೆ ಬೋಳಾಗುವುದಿಲ್ಲ, ಅಷ್ಟೇ.

‘ಗ್ರೀನ್ ರೆವಲ್ಯೂಷನ್’ ಅಥವಾ ಹಸಿರು ಕ್ರಾಂತಿ ಎಂಬುದನ್ನು ಇಂದಿನ ಮಕ್ಕಳು ಪರಿಸರ ಉಳಿಸುವ ಚಳವಳಿ ಎಂದು ತಿಳಿಯುವುದುಂಟು. 1968ರಲ್ಲಿ ಈ ಹೆಸರು ಬಳಕೆಗೆ ತಂದವರು ಅಮೆರಿಕದ ನೆರವು ಸಂಸ್ಥೆಯ ಮುಖ್ಯಸ್ಥ ವಿಲಿಯಂ ಗಾಡ್. ಸೋವಿಯತ್ತರ ಕೆಂಪು ಕ್ರಾಂತಿಯೂ ಅಲ್ಲದ, ಇರಾನಿನ ಷಾನ ಬಿಳಿ ಕ್ರಾಂತಿಯೂ ಅಲ್ಲದ ಇನ್ನೊಂದು ಎಂದು ಹೇಳಲು ಅವರು ಆ ಬಣ್ಣ ಆರಿಸಿಕೊಂಡರು. ಅದು ಹೊಸ ತಳಿ, ರಸಗೊಬ್ಬರ, ನೀರಾವರಿಗಳ ಕ್ರಾಂತಿ. ಮರ ತಬ್ಬಿ ಉಳಿಸುವ ಹಸಿರಿಗೆ ನಮ್ಮಲ್ಲೇ ಉದಾಹರಣೆ ಇದೆ: 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಭಾಗದಲ್ಲಿ ಮೊದಲಾದ ಅಪ್ಪಿಕೋ ಚಳವಳಿ. ಎರಡಕ್ಕೂ ಹೆಸರು ಹಸಿರು, ದಾರಿ ತೀರಾ ಬೇರೆ.

ದೀಪಾವಳಿಯ ‘ಗ್ರೀನ್ ಪಟಾಕಿ’ಗೆ ಹೊಗೆಯೇ ಇಲ್ಲ ಎಂಬುದೂ ಸುಳ್ಳು. ಕೇಂದ್ರದ ಸಂಶೋಧನಾ ಸಂಸ್ಥೆ ನೀರಿ ರೂಪಿಸಿದ ಈ ಪಟಾಕಿಗಳ ಅಳತೆಗೋಲು, ಸಾಮಾನ್ಯ ಪಟಾಕಿಗಿಂತ ದೂಳಿನ ಕಣ ಕನಿಷ್ಠ ಶೇ. 30ರಷ್ಟು ಕಡಿಮೆಯಾಗಬೇಕು ಎಂಬುದು. ಉಳಿದದ್ದು ಉಸಿರಿಗೆ ಬಂದೇ ಬರುತ್ತದೆ.

ಇದೆಲ್ಲಕ್ಕಿಂತ ನನಗೆ ಕಳವಳ ತರುವುದು ತೋಟದ ಔಷಧಿ ಡಬ್ಬದ ಮೇಲಿನ ಹಸಿರು. ಕೀಟನಾಶಕದ ಡಬ್ಬ ಕೈಗೆತ್ತಿಕೊಂಡು ನೋಡಿ. ಓರೆಯಾಗಿ ನಿಲ್ಲಿಸಿದ ಒಂದು ಚೌಕ, ಅದರಲ್ಲಿ ಎರಡು ತ್ರಿಕೋನ. ಕೆಳಗಿನದಕ್ಕೆ ಕೆಂಪು, ಹಳದಿ, ನೀಲಿ, ಹಸಿರು ಇವುಗಳಲ್ಲಿ ಒಂದು ಬಣ್ಣ. ಹಸಿರಿದ್ದರೆ ‘ಗ್ರೀನ್ ಔಷಧಿ, ಸಾವಯವ, ಏನೂ ಆಗುವುದಿಲ್ಲ’ ಎಂದು ಬರಿಗೈಯಲ್ಲಿ ಕಲಸುವವರಿದ್ದಾರೆ. ಪೊಟ್ಟಣದ ತಿಂಡಿಯ ಮೇಲಿನ ಸಸ್ಯಾಹಾರದ ಹಸಿರು ಚುಕ್ಕೆ ನೋಡಿ ಬೆಳೆದ ಕಣ್ಣು ಇಲ್ಲಿ ಮೋಸ ಹೋಗುತ್ತದೆ. ನಿಯಮದ ಪ್ರಕಾರ ಈ ಬಣ್ಣ ವಿಷದ ಮಟ್ಟ ಹೇಳುತ್ತದೆ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಕಿಲೋ ದೇಹತೂಕಕ್ಕೆ ಎಷ್ಟು ಮಿಲಿಗ್ರಾಂ ಹೊಟ್ಟೆಗೆ ಹೋಗಬೇಕು ಎಂಬುದು ಲೆಕ್ಕ. ಕೆಂಪಿಗೆ 1ರಿಂದ 50, ಹಳದಿಗೆ 51ರಿಂದ 500, ನೀಲಿಗೆ 501ರಿಂದ 5000, ಹಸಿರಿಗೆ 5000ಕ್ಕಿಂತ ಹೆಚ್ಚು. ಹಸಿರು ಎಂದರೆ ಕಡಿಮೆ ವಿಷ. ವಿಷವೇ ಇಲ್ಲ ಎಂದಲ್ಲ. ಸಾವಯವ ಹೌದೋ ಅಲ್ಲವೋ ಎಂಬುದಕ್ಕೂ ಈ ಬಣ್ಣಕ್ಕೂ ಸಂಬಂಧವಿಲ್ಲ.

ಅದೂ ಅಲ್ಲದೆ, ಈ ಲೆಕ್ಕ ಒಮ್ಮೆಗೆ ದೇಹ ಸೇರುವ ವಿಷದ್ದು. ವರ್ಷಗಟ್ಟಲೆ ಹೊಡೆದವನ ಶ್ವಾಸಕೋಶಕ್ಕೆ ಏನಾದೀತು, ಬಸಿಗಾಲುವೆಯ ಮೀನು, ಕಪ್ಪೆ, ಏಲಕ್ಕಿ ಹೂವಿಗೆ ಬರುವ ಜೇನ್ನೊಣಗಳ ಗತಿ ಏನು ಎಂಬುದನ್ನು ಆ ತ್ರಿಕೋನ ಹೇಳುವುದಿಲ್ಲ. ಹಸಿರಿರುವ ಡಬ್ಬದಲ್ಲಿಯೂ ಮೇಲಿನ ತ್ರಿಕೋನದಲ್ಲಿ ‘ಕಾಷನ್’, ಅಂದರೆ ಎಚ್ಚರಿಕೆ ಎಂದು ಅಚ್ಚಾಗಿರುತ್ತದೆ. ಡಬ್ಬದ ಜೊತೆಗಿನ ಮಡಚಿದ ಹಾಳೆಯಲ್ಲಿ ವಿಷ ತಾಗಿದರೆ ಕಾಣುವ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ ಇರುತ್ತವೆ. ಕಲಸುವ ಮೊದಲು ಕೈಗವಸು ಹಾಕಿಕೊಳ್ಳಿ, ಆ ಹಾಳೆಯನ್ನು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ಆಸ್ಪತ್ರೆಗೆ ಓಡುವ ಪ್ರಸಂಗ ಬಂದರೆ ವೈದ್ಯರು ಮೊದಲು ಕೇಳುವುದು ಅದರಲ್ಲಿರುವ ವಿಷದ ಹೆಸರನ್ನು.