ರೋಗಿಯ ಮಗ್ಗುಲಲ್ಲಿರುವವರು

ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆಗೆ ಕರ್ನಾಟಕದಿಂದಲೂ ಅರ್ಬುದರೋಗಿಗಳು ಬರುವರು. ಅವರೊಡನೆ ಹೆಂಡತಿಯೋ ಮಗನೋ ಬಂದಿರುವದುಂಟು. ಸರತಿಯಲ್ಲಿ ನಿಲ್ಲುವದು, ಔಷಧ ತರುವದು, ಗಂಜಿ ಕಾಯಿಸುವದು, ರಾತ್ರಿ ಎಚ್ಚರವಿರುವದು ಎಲ್ಲವೂ ಇವರ ಪಾಲಿನದು. ಇವರ ದಣಿವನ್ನು ವಿಚಾರಿಸುವವರು ಮಾತ್ರ ವಿರಳ.

ಇವರ ಮೊದಲನೆಯ ಕೊರತೆ ವಸತಿ. ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯೂ, ಪರೇಲಿನಲ್ಲಿ 1968ರಲ್ಲಿ ಸ್ಥಾಪಿತವಾದ ನಾನಾ ಪಾಲಕರ ಸ್ಮೃತಿ ಸಮಿತಿಯೂ ರೋಗಿಯೊಡನೆ ಬಂಧುವಿಗೂ ಆಶ್ರಯವೀಯುತ್ತಿವೆ. ಎರಡನೆಯದು ಭಾಷೆ. ವೈದ್ಯರು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದ್ದಕ್ಕೆಲ್ಲ ಹಳ್ಳಿಯ ತಾಯಿ ತಲೆಯಾಡಿಸುವಳು. ಯಾವ ಗುಳಿಗೆ ಊಟಕ್ಕೆ ಮುಂಚೆ, ಯಾವದು ಅನಂತರ ಎಂಬ ಸಂಶಯ ಹೊರಗೆ ಬಂದ ಮೇಲೆ ಹುಟ್ಟುವದು. ಮೂರನೆಯದು ಬಿಡುವು; ಇದನ್ನು ಅವರು ತಾವಾಗಿ ಕೇಳಲಾರರು.

ಇಲ್ಲಿಯೇ ಕನ್ನಡ ಸಂಘಗಳಿಗೆ ಕೆಲಸವಿದೆ. 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ ಎರಡೂ ಮಾಟುಂಗಾ ಪರಿಸರದಲ್ಲಿವೆ. ಪರೇಲು ಅಲ್ಲಿಂದ ದೂರವಲ್ಲ. ಇಂಥ ಸಂಸ್ಥೆಗಳು ವಾರಕ್ಕೊಂದು ಮಧ್ಯಾಹ್ನ ಕೊಡಬಲ್ಲ ಸದಸ್ಯರ ಪಟ್ಟಿಯನ್ನಿರಿಸಿಕೊಂಡರೆ, ಒಬ್ಬರು ವೈದ್ಯರ ಸೂಚನೆಗಳನ್ನು ಕನ್ನಡದಲ್ಲಿ ಬರೆದುಕೊಡಬಹುದು. ಇನ್ನೊಬ್ಬರು ರೋಗಿಯ ಬಳಿ ಕುಳಿತು, ದಣಿದವರಿಗೆ ನಾಲ್ಕು ತಾಸಿನ ನಿದ್ರೆ ದೊರಕಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2002ರ ವ್ಯಾಖ್ಯೆಯಂತೆ ಉಪಶಾಮಕ ಚಿಕಿತ್ಸೆಯು ಕುಟುಂಬಕ್ಕೂ, ಮರಣಾನಂತರದ ಶೋಕದಲ್ಲಿಯೂ, ಆಸರೆಯಾಗಬೇಕಾದದ್ದು.

ಉಪನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿಯೂ ಹಾಸಿಗೆ ಹಿಡಿದ ಅತ್ತೆಮಾವಂದಿರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಯರಿದ್ದಾರೆ. ಸಭೆಗೆ ಬರುವವರನ್ನು ಸಂಘವು ಬಲ್ಲದು. ಬರುವದನ್ನು ನಿಲ್ಲಿಸಿದವರ ಮನೆಯ ಬಾಗಿಲು ತಟ್ಟುವದೂ ಅದರ ಕರ್ತವ್ಯವಾಗಿದೆ.