ಬೇಡಿಕೆ ಈಡೇರಿದ ಬಳಿಕ

ಚಳವಳಿಯೊಂದು ತಾನು ಬೇಡಿದುದನ್ನು ಪಡೆದ ಮೇಲೆ ಅದನ್ನು ಕಟ್ಟಿದ ಸಂಘಗಳ ಗತಿಯೇನೆಂಬ ಪ್ರಶ್ನೆ, 2012ರಲ್ಲಿ ಜನಮತದಿಂದ ಗಾಂಜಾ ಸೇವನೆಗೆ ಸಮ್ಮತಿಯಿತ್ತ ಅಮೆರಿಕದ ಕೊಲರಾಡೋದಲ್ಲಿ ಉದ್ಭವಿಸಿತು. ಗಾಂಜಾ ಪ್ರಕರಣಗಳ ಹಳೆಯ ಶಿಕ್ಷೆಗಳ ದಾಖಲೆಗಳನ್ನು ಅಳಿಸಿಹಾಕಿಸುವುದು ಅಲ್ಲಿನ ಹೋರಾಟಗಾರರಿಗೆ ಹೊಸ ಕಾರ್ಯಗಳಲ್ಲೊಂದಾಯಿತು. ಗದಗ ಜಿಲ್ಲೆಯ ನಮ್ಮ ನರಗುಂದವಾದರೋ ಈ ಪ್ರಶ್ನೆಯನ್ನು ಎರಡು ಸಲ ಕಂಡಿದೆ.

ಮೊದಲ ಸಲ, ಮಲಪ್ರಭಾ ನದಿಯ ಅಚ್ಚುಕಟ್ಟಿನ ಅಭಿವೃದ್ಧಿ ಕರವನ್ನು ವಿರೋಧಿಸಿದ ರೈತರ ಮೇಲೆ 1980ರ ಜುಲೈ 21ರಂದು ಗೋಲಿಬಾರಾಗಿ, ತರುವಾಯ ಸರಕಾರ ರಿಯಾಯಿತಿಗಳನ್ನು ಘೋಷಿಸಿದಾಗಲೂ ಆ ಕಿಚ್ಚು ಆರದೆ, ಕರ್ನಾಟಕ ರಾಜ್ಯ ರೈತ ಸಂಘದ ರೂಪದಲ್ಲಿ ನಾಡೆಲ್ಲ ಹಬ್ಬಿತು. ಪ್ರತಿವರ್ಷ ಅದೇ ದಿನ ಆ ಹೋರಾಟದ ನೆನಪಿನ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಭಾಷಣಗಳಿಗೂ (ಪಕ್ಷಭೇದವಿಲ್ಲದೆ!) ಕೊರತೆಯಿಲ್ಲ.

ಎರಡನೆಯದು ಮಹದಾಯಿ ಕಣಿವೆಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ–ಬಂಡೂರಿ ಯೋಜನೆಗಾಗಿ ನಡೆದ ಹೋರಾಟ. 2015ರಲ್ಲಿ ನರಗುಂದದಲ್ಲಿ ಧರಣಿ ಕೂತವರ ಬೇಡಿಕೆಗೆ 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿಯು ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿ ಉತ್ತರವಿತ್ತಿತು. ಅದರಲ್ಲಿ ಮಲಪ್ರಭೆಗೆ ತಿರುಗಬೇಕಾದುದು 3.9 ಟಿಎಂಸಿ ಮಾತ್ರ. 2020ರ ಫೆಬ್ರವರಿಯಲ್ಲಿ ರಾಜಪತ್ರದ ಅಧಿಸೂಚನೆಯೂ ಹೊರಟಿತು. ಆದರೆ ಕಾಗದದಲ್ಲಿ ದೊರೆತ ನೀರು ನದಿಗಿಳಿಯಬೇಕಾದರೆ ಅರಣ್ಯ, ವನ್ಯಜೀವಿ ಸಂಬಂಧದ ಅನುಮತಿಗಳು ಬೇಕು. ಆದಕಾರಣ ರಸ್ತೆ ತಡೆಯುವುದರಲ್ಲಿ ನುರಿತ ಸಂಘಟನೆಗಳು ಇನ್ನು ನಕಾಶೆಗಳನ್ನೂ ಕಡತಗಳನ್ನೂ ಓದಬಲ್ಲವರನ್ನು ತಮ್ಮೊಳಗೇ ಬೆಳೆಸಿಕೊಳ್ಳಬೇಕಾಗಿದೆ. ಘೋಷಣೆ ಕೂಗುವವರಿಗಿಂತ ಅಂಥವರು ಸಿಗುವುದು ದುರ್ಲಭವೆಂದು ನನಗೆ ತೋರುತ್ತದೆ.