ಗೆಳೆಯನಿಗೆ ಮಾರಿದ ಅಂಚೆಚೀಟಿ

ಅಂಚೆಚೀಟಿ ಸಂಗ್ರಾಹಕರು ಒಂದೆಡೆ ಸೇರಿದರೆಂದರೆ ಮಾತುಕತೆಯೊಡನೆ ಚಿಕ್ಕಪುಟ್ಟ ವ್ಯಾಪಾರವೂ ನಡೆಯುವುದು ಸಹಜ. ಆಲ್ಬಮ್ಮಿನಲ್ಲಿ ಎರಡಾಗಿರುವ ಚೀಟಿಯನ್ನು ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ಹಣವೆಣಿಸುತ್ತಾರೆ. ರಶೀದಿಯಿಲ್ಲ, ಸಾಕ್ಷಿಯಿಲ್ಲ. “ನಾವೇನು ಅಂಗಡಿಯವರೆ? ನಮಗೇಕೆ ಕಾಯಿದೆಯ ಗೊಡವೆ?” ಎಂಬುದು ಇವರೆಲ್ಲರ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ನಿಜ.

1930ರ ಸರಕುಗಳ ಮಾರಾಟ ಕಾಯಿದೆಯ 16ನೆಯ ಕಲಮು, ವಸ್ತುವಿನ ಗುಣಮಟ್ಟವನ್ನು ನೋಡಿಕೊಳ್ಳುವ ಹೊಣೆಯನ್ನು ಸಾಮಾನ್ಯವಾಗಿ ಕೊಳ್ಳುವವನ ಮೇಲೆಯೇ ಹೊರಿಸಿದೆ. ಇದಕ್ಕಿರುವ ಮುಖ್ಯ ವಿನಾಯಿತಿಗಳು ಅಂತಹ ಸರಕಿನ ವ್ಯಾಪಾರವನ್ನೇ ಮಾಡುವವರಿಗೆ ಸಂಬಂಧಿಸಿದವು. ಅಪರೂಪಕ್ಕೊಮ್ಮೆ ಮಾರುವ ಹವ್ಯಾಸಿಯ ಚೀಟಿಯಲ್ಲಿ ಅಂಚಿನ ಹಲ್ಲೊಂದು ಮುರಿದಿದ್ದರೆ, ಕೊಂಡವರು ಮೊದಲೇ ಕಣ್ಣಿಟ್ಟು ನೋಡಬೇಕಾಗಿತ್ತು, ಅಷ್ಟೆ. (ವಾರವಾರವೂ ಚೀಟಿ ಹರಡಿ ಕೂರುವವರು ತಮ್ಮನ್ನು ಹವ್ಯಾಸಿಗಳೆಂದು ಕರೆದುಕೊಳ್ಳಬಹುದು, ನ್ಯಾಯಾಲಯವೂ ಹಾಗೆಯೇ ಕರೆಯಬೇಕೆಂಬ ನಿಯಮವೇನಿಲ್ಲ.)

ತೊಡಕು ಹುಟ್ಟುವುದು ಬಾಯಿ ತೆರೆದಾಗ. 1948ರ ಆಗಸ್ಟ್ 15ರಂದು ಗಾಂಧೀಜಿಯವರ ಚಿತ್ರವುಳ್ಳ 10 ರೂಪಾಯಿಯ ಅಂಚೆಚೀಟಿ ಹೊರಬಂದಿತು. ಅದರ 100 ಪ್ರತಿಗಳ ಮೇಲೆ ಮಾತ್ರ, ಗವರ್ನರ್ ಜನರಲ್ಲರ ಕಚೇರಿಯ ಬಳಕೆಗಾಗಿ, ‘ಸರ್ವಿಸ್’ ಎಂಬ ಪದವನ್ನು ಮುದ್ರಿಸಲಾಗಿತ್ತು. ಅಂತಹ 4 ಚೀಟಿಗಳ ಸಾಲೊಂದು 2017ರಲ್ಲಿ 5 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಒಂದು ಪದಕ್ಕೇ ಇಷ್ಟು ಬೆಲೆಯಿರುವಾಗ, ಸಾಧಾರಣ ಚೀಟಿಯ ಮೇಲೆ ಆ ಪದವನ್ನೊತ್ತುವ ಖದೀಮರು ಹುಟ್ಟದೆ ಇರುತ್ತಾರೆಯೆ?

ಅಂತಹ ನಕಲಿಯೊಂದನ್ನು ತಾವು “ಇದು ಅಸಲಿ ಸರ್ವಿಸ್ ಚೀಟಿ” ಎಂದು ಗೆಳೆಯರಿಗೆ ಮಾರಿದಿರೆನ್ನಿ. ತಾವೂ ಹಾಗೆಯೇ ನಂಬಿದ್ದಿರಿ. ಆದರೂ 15ನೆಯ ಕಲಮಿನಂತೆ, ವರ್ಣನೆ ಹೇಳಿ ಮಾರಿದ ವಸ್ತು ಆ ವರ್ಣನೆಗೆ ಹೊಂದಲೇಬೇಕು; ಇಲ್ಲಿ ವ್ಯಾಪಾರಿ, ಹವ್ಯಾಸಿ ಎಂಬ ಭೇದವಿಲ್ಲ. 1872ರ ಕರಾರು ಕಾಯಿದೆಯಾದರೋ, ತಕ್ಕ ಆಧಾರವಿಲ್ಲದೆ ಖಚಿತವಾಗಿ ನುಡಿದ ಅಸತ್ಯವನ್ನು, ನುಡಿದವನು ಮನಸಾರೆ ನಂಬಿದ್ದರೂ, ತಪ್ಪು ನಿರೂಪಣೆಯೆಂದೇ ಎಣಿಸುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ನಿಜಸ್ಥಿತಿಯನ್ನು ಅರಿಯಲು ಸಾಧ್ಯವಿರಲಿಲ್ಲವಾದರೆ, ಗೆಳೆಯರು ಒಪ್ಪಂದವನ್ನು ರದ್ದುಪಡಿಸಿ ಹಣ ಹಿಂದಕ್ಕೆ ಕೇಳಬಹುದು.

ಹಾಗಾದರೆ ಮೌನವೇ ಕ್ಷೇಮವೆ? ಬಹುಮಟ್ಟಿಗೆ ಹೌದು. ಕರಾರು ಕಾಯಿದೆಯೇ ಇದಕ್ಕೊಂದು ಕುದುರೆಯ ನಿದರ್ಶನ ಕೊಡುತ್ತದೆ. ಕುದುರೆಯ ಊನವನ್ನು ಬಲ್ಲ ಒಡೆಯನು ಅದನ್ನು ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ವಂಚನೆಯಾಗದು. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳೇ ಆಗಿದ್ದರೆ ಮಾತ್ರ ಹೇಳುವುದು ಅವನ ಕರ್ತವ್ಯ. ಇನ್ನು, “ನೀವು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ” ಎಂದು ಕೊಳ್ಳುವವನು ಹೇಳಿದಾಗ ಸುಮ್ಮನಿದ್ದರೆ, ಆ ಮೌನವೂ ಮಾತಿಗೆ ಸಮ. ಭೂತಗನ್ನಡಿ ಹಿಡಿದ ಎಳೆಯ ಸಂಗ್ರಾಹಕರು ಹಿರಿಯರ ಮುಖ ನೋಡಿ ಕೇಳುವುದು ಬಹುಪಾಲು ಇದನ್ನೇ ಅಲ್ಲವೆ?

ಸಂದೇಹವಿರುವ ಚೀಟಿಯನ್ನು ‘ಇದ್ದಂತೆಯೇ ಮಾರಿದೆ, ಅಸಲಿಯೆಂಬ ಭರವಸೆಯಿಲ್ಲ’ ಎಂದು ಬರೆದು ಇಬ್ಬರೂ ರುಜು ಮಾಡಿಕೊಳ್ಳುವುದು ಲೇಸು. 62ನೆಯ ಕಲಮು ಇದಕ್ಕೆ ಎಡೆಗೊಟ್ಟಿದೆ. ಆದರೆ ನಕಲಿಯೆಂದು ತಿಳಿದೂ ಅಸಲಿಯೆಂದು ನಂಬಿಸಿದವರನ್ನು ಆ ಕಾಗದ ಉಳಿಸದು. ಹಣಕ್ಕಾಗಿ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷಗಳ ಅವಧಿಯುಂಟು. ವಂಚನೆಯಾಗಿದ್ದಲ್ಲಿ ಅದರ ಎಣಿಕೆ ಆರಂಭವಾಗುವುದು ಮಾರಿದ ದಿನದಿಂದಲ್ಲ, ಮೋಸ ಬಯಲಾದ ದಿನದಿಂದ.